ಹೊಸ ಗಾಡಿಯ ಟೈರು

ಸುನೀಲ್‌ಕುಮಾರ್ ಬ್ರೇಕ್ ಅದುಮಿದ; ಪಿಕಪ್ ನಿಲ್ಲಲಿಲ್ಲ. ತುಂತುರು ಮಳೆಗೆ ನೆನೆದ ರಾವಂದೂರಿನ ತಿರುವಿನಲ್ಲಿ ಜಾರಿ, ಶುಂಠಿ ಕೀಳಲು ಹೊರಟಿದ್ದ ಹೆಂಗಸರ ಸಮೇತ ಹಳ್ಳಕ್ಕೆ ಮಗುಚಿತು. ಉಳಿದವರು ನರಳುತ್ತಾ ಎದ್ದು ಕೂತರು. ಪುಟ್ಟಲಕ್ಷ್ಮಿ ಏಳಲಿಲ್ಲ.

ಗದ್ದೆಗಳಿಂದ ಓಡಿಬಂದವರು ಎಲ್ಲರನ್ನೂ ದಡಕ್ಕೆ ಹತ್ತಿಸಿದರು. ಅವರಲ್ಲೊಬ್ಬ ಮುದುಕ ಚಲುವಯ್ಯ, ಮೇಲ್ಮುಖವಾಗಿ ನಿಂತಿದ್ದ ಚಕ್ರವನ್ನು ಸವರಿ ನೋಡಿದ. ಅಂಗೈಗೆ ಒಂದು ಗೆರೆಯೂ ತಾಗಲಿಲ್ಲ. "ಗಾಡಿ ತಂದು ವರ್ಸ ಆಗಿಲ್ಲ, ಆಗ್ಲೇ ಟೈರು ಬೋಳಾಗೋಯ್ತೇನ್ಲಾ!"

"ಕಂಪನಿಯಿಂದ ಬಂದ ಟೈರೇ ಅಂಗೆ ಕಣಣ್ಣ, ಬಲು ಬೇಗ ಸವೀತವೆ," ಎಂದ ಸುನೀಲ. ಬದಲಾಯಿಸು ಎಂದು ಪಂಚರ್ ಅಂಗಡಿಯವನು ಹೇಳುತ್ತಲೇ ಇದ್ದ. ಶುಂಠಿ ಕೆಲಸ ಮುಗಿಯಲಿ ಎಂದು ಇವನೇ ಮುಂದಕ್ಕೆ ತಳ್ಳುತ್ತಾ ಬಂದಿದ್ದ. ಅದನ್ನು ಮಾತ್ರ ಬಾಯಿ ಬಿಡಲಿಲ್ಲ.

ತಾಯಿ ಪುಟ್ಟಲಕ್ಷ್ಮಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಭಾಗ್ಯ ಮುಖ ಎತ್ತಿದಳು. ಬಯ್ಯುತ್ತಾಳೆಂದು ಅವನು ತಲೆ ತಗ್ಗಿಸಿದ. ಅವಳು ಬಯ್ಯದೆ ಚಲುವಯ್ಯನತ್ತ ತಿರುಗಿದಳು.

"ಮೇಸ್ತ್ರಿ ಹಳೇ ಜೀಪು ಕಳ್ಸಿದ್ದ ಕಣಣ್ಣ. ಅವ್ವನೇ ಬ್ಯಾಡ ಅಂದ್ಲು. ಸುನೀಲನ ಗಾಡಿ ಹೊಸ್ದು, ಜೀವಕ್ಕೆ ಭಯ ಇಲ್ಲ ಅಂತ ನಮ್ಮನ್ನೆಲ್ಲ ಇದಕ್ಕೇ ಹತ್ತುಸುದ್ಲು."