ಒಣಹಣ್ಣಿನ ಮರ್ಯಾದೆ

ತಟ್ಟೆಯ ಅಂಚಿನಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಸೂಸಮ್ಮನ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ.

ಹೊಸ ಸ್ಟೀಲ್ ತಟ್ಟೆ. ಅದರಲ್ಲಿ ಗೋಡಂಬಿ, ಬಾದಾಮಿ, ಒಣದ್ರಾಕ್ಷಿ, ಖರ್ಜೂರ, ಸಾಲಾಗಿ ಜೋಡಿಸಿದ ಅಂಜೂರ. ಪಕ್ಕದಲ್ಲಿ ಎರಡು ಲೋಟ ನೀರು. ಲೋಟಗಳೂ ಹೊಸವೇ. ಮನೆಯವರು ದಿನಾ ಬಳಸುವ ತಟ್ಟೆ ಲೋಟಗಳು ಎದುರಿನ ಗಾಜಿನ ಕಪಾಟಿನೊಳಗೆ, ಬಾಗಿಲು ಹಾಕಿಕೊಂಡು ಕೂತಿದ್ದವು.

“ತಗೊಳ್ಳಿ ಅಕ್ಕ,” ಅಂದರು ಪದ್ಮಾವತಿ.

ಅವರ ಮಗ ಮಹೇಂದ್ರನಿಗೂ ಸೂಸಮ್ಮನ ಮಗಳು ರೋಸ್ಲಿನ್‌ಗೂ ಮದುವೆಯ ಮಾತಾಗಿ ಎರಡು ತಿಂಗಳು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಮುಗಿದು, ಹಬ್ಬ ಕಳೆದ ಮೇಲೆ ನಿಶ್ಚಿತಾರ್ಥ. ದಿನ ಗೊತ್ತುಮಾಡಲು ಸೂಸಮ್ಮ, ಗಂಡ ಯೇಸುದಾಸ್ ಜೊತೆ ಬೋಗಾದಿಯ ಈ ಮನೆಗೆ ಮೊದಲ ಸಲ ಬಂದಿದ್ದಳು. ಹಿಂದೊಮ್ಮೆ ಪದ್ಮಾವತಿ ದಂಪತಿಯೇ ನಜರ್‌ಬಾದಿನ ಸೂಸಮ್ಮನ ಮನೆಗೆ ಬಂದಿದ್ದರು. ಸೂಸಮ್ಮ ಒಳಗೆ ಒಲೆ ಮುಂದೆ ಬೇಯುತ್ತಿದ್ದರೆ, ಯೇಸುದಾಸ್ ಹೊರಗೆ ಕೂತು ತನ್ನ ಮನೆತನದ ದೊಡ್ಡಸ್ತಿಕೆ ಹೇಳಿದ್ದೇ ಹೇಳಿದ್ದು. ಊಟ ಸಿದ್ಧವಾಗುವಷ್ಟರಲ್ಲಿ ಅವರು ಕಾಫಿ ಕುಡಿದು, ಕೆಲಸವಿದೆ ಅಂತ ಹೊರಟೇಬಿಟ್ಟಿದ್ದರು. ಅವತ್ತೇ ಏನೋ ಚುಚ್ಚಿತ್ತು.

ಈಗ ಮಧ್ಯಾಹ್ನ ಒಂದೂವರೆ. ಊಟದ ಹೊತ್ತು.

“ನೀವು ತಗೊಳ್ಳಲ್ವಾ?” ಕೇಳಿದಳು.

“ನಮಗೆ ಈಗ ಬೇಡಮ್ಮ,” ಅಂದರು ಪದ್ಮಾವತಿಯ ಗಂಡ ಚೆಲುವರಾಜು. “ನಾವು ಆಮೇಲೆ.”

ಆಮೇಲೆ! ನಾವು ಎದ್ದು ಹೋದ ಮೇಲೆ!

ಕೈತೊಳೆಯುವ ನೆಪದಲ್ಲಿ ಸೂಸಮ್ಮ ಒಳಗೆ ಹೋದಳು. ಅಡುಗೆಮನೆಯಲ್ಲಿ ಒಂದು ಪಾತ್ರೆಯಿಲ್ಲ, ಒಗ್ಗರಣೆಯ ವಾಸನೆಯಿಲ್ಲ. ಸ್ಟೌ ಒರೆಸಿಟ್ಟ ಹಾಗೇ ಇತ್ತು. ಬೀಗರಾಗುವವರು ಬರುತ್ತಾರೆಂದು ಗೊತ್ತಿದ್ದೂ ಈ ಮನೆಯಲ್ಲಿ ಒಂದು ಹಿಡಿ ಅಕ್ಕಿ ಬೆಂದಿರಲಿಲ್ಲ.

ಅವಳ ಅವ್ವ ದೊಡ್ಡ ಮನೆಯೊಂದರ ಅಂಗಳ ಗುಡಿಸುತ್ತಿದ್ದಳು. ಹಬ್ಬದ ದಿನ ಆ ಮನೆಯ ಯಜಮಾನಿ ಮೆಟ್ಟಿಲ ಮೇಲೆ ನಿಂತು, ಅವ್ವನ ಸೆರಗಿಗೆ ಮೇಲಿಂದ ಒಂದು ಹಿಡಿ ದ್ರಾಕ್ಷಿ ಗೋಡಂಬಿ ಸುರಿಯುತ್ತಿದ್ದಳು. ಅನ್ನ ಮಾತ್ರ ಎಂದೂ ಹಾಕಲಿಲ್ಲ. “ಒಣಗಿದ್ದಕ್ಕೆ ಮೈಲಿಗೆ ತಾಗಲ್ವಂತೆ ಕಣೇ,” ಅಂತ ಅವ್ವ ನಗುತ್ತಲೇ ಹೇಳಿದ್ದಳು. ಆ ದ್ರಾಕ್ಷಿಯನ್ನು ಸೂಸಮ್ಮ ಆಗ ಚಪ್ಪರಿಸಿ ತಿಂದಿದ್ದಳು. ಆ ರುಚಿ ಈಗ ಗಂಟಲಿಗೆ ಕಹಿಯಾಗಿ ಹತ್ತಿತು.

ಹಜಾರಕ್ಕೆ ಬಂದವಳು ಕೂರಲಿಲ್ಲ.

“ಪದ್ಮಾವತಮ್ಮ, ನಾವು ಉಂಡರೆ ನಿಮ್ಮ ತಟ್ಟೆ ಸವೆದೋಗುತ್ತಾ?”

“ಅಯ್ಯೋ, ಯಾಕಕ್ಕ ಹಂಗಂತೀರಾ?”

“ಇನ್ನೆಂಗನ್ನಲಿ? ನಮಗೇ ಅಂತ ಬೇರೆ ತಟ್ಟೆ ತಂದ್ಬುಟ್ಟಿದ್ದೀರಲ್ಲ. ಚೀಟಿ ಕೀಳೋಕೂ ಪುರುಸೊತ್ತಿರಲಿಲ್ವಾ?”

ಪದ್ಮಾವತಿಯ ಮುಖ ಬಿಳಿಚಿಕೊಂಡಿತು. “ಅಕ್ಕ, ಇವತ್ತು ಶುಕ್ರವಾರ ಅಲ್ವಾ, ಅದಕ್ಕೇ...”

“ಓಹೋ, ಶುಕ್ರವಾರ! ನಿಮ್ಮ ಮನೆಲಕ್ಷ್ಮಿ ಎದ್ದು ಹೋಗ್ಬುಡ್ತಾಳೆ, ಅಲ್ವಾ? ನಾವು ಹೋದ ಮೇಲೆ ಈ ಸೋಫಾನೂ ತೊಳೆದ್ಬುಡಿ.”

“ಯೇಸುದಾಸಣ್ಣ,” ಚೆಲುವರಾಜು ತಬ್ಬಿಬ್ಬಾಗಿ ತಿರುಗಿದರು, “ನೀವಾದರೂ ಒಂದು ಮಾತು ಹೇಳಿ.”

ಯೇಸುದಾಸ್ ತಲೆಯೆತ್ತಲಿಲ್ಲ. ಕಿವಿ ಕೆಂಪಗಾಗಿತ್ತು. ಬಾಯಲ್ಲಿದ್ದ ಬಾದಾಮಿಯನ್ನು ಅಗಿಯುವುದನ್ನೂ ನಿಲ್ಲಿಸಿದ್ದ. “ಸೂಸಿ, ಬುಡು... ನಡಿ, ಹೋಗೋಣ,” ಅಂದ, ನೆಲ ನೋಡುತ್ತಲೇ.

“ಕಂಡ್ರಾ? ನನ್ನ ಗಂಡನಿಗೆ ನೀರು ಕೂಡ ಇಳೀತಿಲ್ಲ. ನನ್ನ ಮಗಳು ಈ ಹೊಸ್ತಿಲು ತುಳಿಯಲ್ಲ. ಬೇರೆ ತಟ್ಟೇಲಿ ಉಣ್ಣೋಕೆ ನಾನು ಅವಳನ್ನ ಹೆತ್ತಿಲ್ಲ.”

ಪದ್ಮಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಗೇಟಿನವರೆಗೂ ಬಂದ ಚೆಲುವರಾಜು ಕೈಮುಗಿದರು. ಸೂಸಮ್ಮ ಆ ಕೈ ಕಡೆ ನೋಡಲಿಲ್ಲ.

ಸ್ಕೂಟರ್ ಹೊರಡುವ ಮೊದಲೇ ರೋಸ್ಲಿನ್‌ಗೆ ಫೋನ್ ಮಾಡಿದಳು. “ಮುಗೀತು ಮಗಳೇ. ನಮ್ಮನ್ನ ಮನುಷ್ಯರು ಅಂತ ಲೆಕ್ಕಕ್ಕಿಡದ ಕಡೆ ಸಂಬಂಧ ಬೇಡ. ಅವನಿಗೆ ನೀನೇ ಹೇಳ್ಬುಡು.”

“ಆಯ್ತಮ್ಮ,” ಅಂದಳು ರೋಸ್ಲಿನ್. “ನಿನಗೇ ಮರ್ಯಾದೆ ಕೊಡದವರು ನನಗೂ ಬೇಡ. ಈಗಲೇ ಹೇಳ್ತೀನಿ.” ಧ್ವನಿ ಒಡೆದಿತ್ತು. ಫೋನ್ ಕಟ್ಟಾಯಿತು.

ರಸ್ತೆಯ ತಿರುವು ದಾಟಿ ಹೊಂಗೆ ಮರವೊಂದರ ಕೆಳಗೆ ಯೇಸುದಾಸ್ ಸ್ಕೂಟರ್ ನಿಲ್ಲಿಸಿಬಿಟ್ಟ. ಇಳಿಯಲಿಲ್ಲ, ತಿರುಗಲಿಲ್ಲ.

“ನಿಮ್ಮ ಬಾಯಿ ಬಿದ್ದೋಗಿತ್ತಾ ಅಲ್ಲಿ?” ಸೂಸಮ್ಮನ ಸಿಟ್ಟು ಈಗ ಅವನ ಬೆನ್ನಿಗೆ ಬಿತ್ತು. “ಹೆಂಡತಿ ಒಬ್ಬಳೇ ಬಡ್ಕೋತಿದ್ರೂ ಬಾಯಿ ಬಿಡಲಿಲ್ಲವಲ್ಲ!”

“ಏನಂತ ಬಾಯಿ ಬಿಡಲಿ ಸೂಸಿ?” ಅವನ ದನಿ ಅವನಿಗೇ ಕೇಳಿಸುವಂತಿರಲಿಲ್ಲ. “ತಪಸ್ಸುಕಾಲದ ಶುಕ್ರವಾರ ಹೊತ್ತು ಮುಳುಗೋ ತನಕ ನಾವು ಬೇಯಿಸಿದ್ದು ಮುಟ್ಟಲ್ಲ, ಮಾಂಸ ತಾಗಿದ ಪಾತ್ರೇಲಿ ನೀರೂ ಕುಡಿಯಲ್ಲ ಅಂತ ಅವತ್ತು ಅವರ ಮುಂದೆ ಜಂಬ ಕೊಚ್ಚಿದ್ದು ನಾನೇ ಕಣೆ.”