ಬಿಸಿಯಾಗುವ ಮುನ್ನ

“ಥತ್, ಮತ್ತೆ ಶ್ರುತಿ ಹೋಯ್ತು!” ಕೀಬೋರ್ಡ್ ವಾದಕ ರೇಗಿ, ಎಡಗಡೆಯ ಪುಟ್ಟ ಅನಲಾಗ್ ಸಿಂಥಸೈಜರನ್ನು ಪಟ್ಟನೆ ಆಫ್ ಮಾಡಿದ. ವಿದ್ಯುತ್ತಿನಿಂದ ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಇಂಥ ಎರಡು ವಾದ್ಯಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ಬೆಳಗಿನಿಂದ ಅಂಗಡಿಯಲ್ಲಿ ತಲೆ ಕೆಡಿಸಿಕೊಂಡಿದ್ದ. ಬಲಗಡೆಯದು ಶ್ರುತಿ ಬಿಡುತ್ತಿರಲಿಲ್ಲ, ಆದರೆ ದನಿಯಲ್ಲಿ ಜೀವವಿಲ್ಲ. ಎಡಗಡೆಯದು ಎದೆಗೇ ನಾಟುತ್ತಿತ್ತು, ಆದರೆ ಎರಡು ಸಾಲಿಗೇ ಕೈಕೊಡುತ್ತಿತ್ತು.

ಅಂಗಡಿಯವನ ತಾಳ್ಮೆ ಕೆಟ್ಟಿತು. “ಸಾರ್, ಅದು ಬಿಸಿಯಾಗಿ ಶ್ರುತಿಗೆ ನಿಲ್ಲೋಕೆ ಹತ್ತು ನಿಮಿಷ ಬೇಕು. ನೀವು ಎರಡೇ ನಿಮಿಷಕ್ಕೆ ಆಫ್ ಮಾಡ್ತೀರಿ, ಮತ್ತೆ ಮೊದಲಿಂದ ಶುರು!”

“ಅಣ್ಣನಿಗೆ ಅಷ್ಟು ಪುರುಸೊತ್ತೆಲ್ಲಿ?” ಎಂದಳು ಜೊತೆಗೆ ಬಂದಿದ್ದ ತಂಗಿ. “ಇವನ ಬ್ಯಾಂಡಿಗೆ ಸೇರೋಕೆ ನಾನು ಹಾಡಿ ತೋರಿಸಿದಾಗ್ಲೂ ಎರಡನೇ ಸಾಲಿಗೇ ಸಾಕು ಅಂದ. ನನ್ನ ಜಾಗಕ್ಕೆ ಬೇರೆಯವಳು ಬಂದ್ಲು.”

ಅವನು ಎಡಗಡೆಯದರ ಸ್ವಿಚ್ ಮತ್ತೆ ಒತ್ತಿ, ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು ನಿಂತ.