ಆರು ಕುಂಬಳಕಾಯಿಗಳ ಕಾವಲು

“ಟೀಚರ್, ಆ ಚಾಕು ಕೆಳಗಿಡಿ.”

ಹುಲ್ಲಿನ ರಾಶಿಯ ಹಿಂದಿನಿಂದ ಮೊದಲು ಬಿಳಿ ತುರುಬು ಎದ್ದಿತು, ಆಮೇಲೆ ಕನ್ನಡಕ, ಕೊನೆಗೆ ಇಡೀ ದೊಡ್ಡ ಟೀಚರ್. ಎಪ್ಪತ್ತೆರಡು ವರ್ಷದ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅರ್ಧ ಊರಿಗೆ ಮಗ್ಗಿ ಕಲಿಸಿದವರು.

“ಪೆನ್ಸಿಲ್ ಚೂಪು ಮಾಡ್ತಿದ್ದೆ ಕಣೋ.”

“ಪೆನ್ಸಿಲ್ ಎಲ್ಲಿ?”

“ಅದನ್ನೇ ಹುಡುಕ್ತಿದ್ದೆ.”

ಕೃಷಿ ಪ್ರದರ್ಶನದ ಕಾರ್ಯದರ್ಶಿ ಕೈ ಚಾಚಿದ. ಮೂರನೆಯ ಕ್ಲಾಸಿನಲ್ಲಿ ಇದೇ ಟೀಚರ್ ಅವನ ಕೈಯಿಂದ ಗೋಲಿ ಕಿತ್ತುಕೊಂಡಿದ್ದರು. ಈಗ ಅವರ ಕೈಯಿಂದ ಚಾಕು ಕಿತ್ತುಕೊಳ್ಳುವ ಸರದಿ ಅವನದು. ಟೀಚರ್ ಬೆಳೆದ ಮೂರನೆಯ ನಂಬರಿನ ಕುಂಬಳಕಾಯಿಯನ್ನು ಬಗ್ಗಿ ಪರೀಕ್ಷಿಸಿದ. ಒಂದು ಗೀರೂ ಬಿದ್ದಿರಲಿಲ್ಲ. ಸರಿಯಾದ ಹೊತ್ತಿಗೆ ಬಂದಿದ್ದ.

ಕೃಷಿ ಪ್ರದರ್ಶನ ನಡೆಸುವ ಸಮಿತಿಯವರಿಗೇ ಮೀಸಲಾದ ಕಪ್ ಅದು. ಆರು ಮಂದಿ ಸ್ವಯಂಸೇವಕರೂ ತಲಾ ಒಂದು ಕುಂಬಳಕಾಯಿ ಬೆಳೆದು ತಂದಿಡಲೇಬೇಕು. ಹೆಚ್ಚು ತೂಗಿದ್ದಕ್ಕೆ ಕಪ್. ಕಾಯಿಯ ತಳಕ್ಕೆ ಚಾಕು ಹಾಕುವವರ ಕಥೆಗಳು ಅಕ್ಕಪಕ್ಕದ ಊರುಗಳಲ್ಲಿ ಬೇಕಾದಷ್ಟಿದ್ದವು. ಒಬ್ಬ ಒಳಗೆ ಮರಳು ತುಂಬಿದ್ದನಂತೆ, ಇನ್ನೊಬ್ಬ ಸೀಸದ ಗುಂಡು.

ಕಾರ್ಯದರ್ಶಿ ವಾಚ್ ರಿಪೇರಿ ಮಾಡುವವನು. ಕೂದಲೆಳೆಯಷ್ಟು ತಪ್ಪಾದರೂ ಊಟ ಸೇರದ ಜೀವ. ಕಳೆದ ವರ್ಷ ಕಪ್ ಗೆದ್ದವನು ಅವನೇ. ಗೆದ್ದವರು ಮರುವರ್ಷ ಸ್ಪರ್ಧಿಸುವಂತಿಲ್ಲ ಎಂಬ ನಿಯಮವಿದ್ದುದರಿಂದ ಈ ಸಲ ಕಾವಲು ಮಾತ್ರ ಅವನದು. ಬೆಳಿಗ್ಗೆ ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದಳು: “ಸಂಜೆ ನಾಲ್ಕಕ್ಕೆ ಯಾರಾದ್ರೂ ಒಬ್ರು ಗೆದ್ದಿರಬೇಕು. ಗಲಾಟೆ ಆಯ್ತು, ಸ್ಪರ್ಧೆ ರದ್ದಾಯ್ತು ಅಂತ ಮುಖ ಜೋಲು ಹಾಕ್ಕೊಂಡು ಬಂದ್ರೆ, ನಾನು ಅಮ್ಮನ ಮನೆಗೆ ಹೊರಟೆ.” ಬರೀ ಬೆದರಿಕೆಯಲ್ಲ. ಪೆಟ್ಟಿಗೆ ಜೋಡಿಸಿ ಜಗಲಿಯಲ್ಲಿಟ್ಟಿದ್ದಳು.

ಹಾಗಾಗಿ ಕಾರ್ಯದರ್ಶಿ ಕುಂಬಳಕಾಯಿಗಳ ಮುಂದೆ ಸ್ಟೂಲು ಹಾಕಿ ಕುಳಿತ. ಕುಳಿತಲ್ಲಿಗೇ ಇಡೀ ಪ್ರದರ್ಶನ ಬಂತು. ಮೇಕೆಯೊಂದು ಕಾರ್ಯಕ್ರಮದ ಪಟ್ಟಿ ತಿಂದುಬಿಟ್ಟಿತಂತೆ, ಈಗ ಮುಂದೇನೆಂದು ಮೇಕೆಗೆ ಮಾತ್ರ ಗೊತ್ತು. ಕೋಳಿ ವಿಭಾಗದ ಹನ್ನೊಂದು ಹುಂಜಗಳು ಬೇಲಿ ಹಾರಿ ಹೂವಿನ ವಿಭಾಗ ಸೇರಿದ್ದವು. ಬಹುಮಾನ ಬಂದಿದ್ದು ಹುಂಜಕ್ಕೋ ಡೇಲಿಯಾಕ್ಕೋ ಎಂದು ಇಬ್ಬರು ಜಗಳ ಹೊತ್ತು ತಂದರು. ಮೈಕಿನವನು “ಹಲೋ, ಹಲೋ” ಬಿಟ್ಟರೆ ಬೇರೇನೂ ಕೇಳಿಸುತ್ತಿಲ್ಲ ಎಂದ. ಎಲ್ಲದಕ್ಕೂ ಕಾರ್ಯದರ್ಶಿ ಸ್ಟೂಲಿನ ಮೇಲಿಂದಲೇ ತೀರ್ಪು ಕೊಟ್ಟ. ಕಣ್ಣು ಮಾತ್ರ ಮೂರನೆಯ ನಂಬರಿನ ಮೇಲೆ.

ಮಧ್ಯಾಹ್ನ ಸಮಿತಿಯ ಬೇಕರಿಯವನು ಬಂದ. ಒಂದು ಕೈಯಲ್ಲಿ ಬನ್ನಿನ ತಟ್ಟೆ, ಇನ್ನೊಂದು ಕಂಕುಳಲ್ಲಿ ಮದ್ದಳೆಯಷ್ಟು ದೊಡ್ಡ ಕುಂಬಳಕಾಯಿ. ಹುಲ್ಲಿನ ಮೇಲೆ ಅದನ್ನು ಹೂವಿನಂತೆ ಇಳಿಸಿದ.

“ಅಣ್ಣಾ, ಹೋಗಿ ಸ್ವಲ್ಪ ಗಾಳಿ ತಗೊಂಡು ಬಾ. ನಾನು ನೋಡ್ಕೋತೀನಿ.”

“ಕಳೆದ ವರ್ಷ ನೀನೇ ನೋಡ್ಕೊಂಡಿದ್ದೆ.”

“ಅದಕ್ಕೇ ಅಲ್ವಾ ನೀನು ಗೆದ್ದಿದ್ದು!” ಎಂದು ಬೇಕರಿಯವನು ಹೊಟ್ಟೆ ಕುಣಿಸಿ ನಕ್ಕ.

ಕಾರ್ಯದರ್ಶಿ ನಗಲಿಲ್ಲ. ಬನ್ ಮಾತ್ರ ತೆಗೆದುಕೊಂಡ.

ಟೀಚರ್ ಮತ್ತೆ ನಾಲ್ಕು ಸಲ ಬಂದರು. ಒಮ್ಮೆ ಶಾಲು ಮರೆತೆನೆಂದರು, ಒಮ್ಮೆ ಎದೆ ನೋವೆಂದರು. ಕೊನೆಯ ಸಲ ನೆಪ ಬಿಟ್ಟು ಅವನ ತಲೆ ಸವರಿದರು. “ಮಗ್ಗೀಲಿ ನಿನ್ನ ಪಾಸ್ ಮಾಡ್ಸಿದ್ದು ಯಾರೋ?”

“ನೀವೇ, ಟೀಚರ್.”

“ನೆನಪಿರಲಿ.”

“ಏಳೆಂಟ್ಲಿ ಐವತ್ತಾರು, ಟೀಚರ್. ಅಲ್ಲೇ ನಿಂತ್ಕೊಳ್ಳಿ, ಹತ್ರ ಬರ್ಬೇಡಿ.”

ನಾಲ್ಕಕ್ಕೆ ಸರಿಯಾಗಿ ತೀರ್ಪುಗಾರರು ಬಂದರು. ಪರವೂರಿನ ದನದ ಡಾಕ್ಟರು, ಜೊತೆಗೆ ಕೊಕ್ಕೆಯ ತಕ್ಕಡಿ. ಬೇಕರಿಯವನ ಮದ್ದಳೆಗಾತ್ರದ ಕಾಯಿಯನ್ನು ಎತ್ತಲು ಸೊಂಟ ಬಿಗಿದು, ಕಾಲು ಅಗಲಿಸಿ, ಉಸಿರು ಕಟ್ಟಿ ಎಳೆದರು. ಎಳೆದ ರಭಸಕ್ಕೆ ಕಾಯಿ ಸಮೇತ ಹಿಂದಕ್ಕೆ ಹೋಗಿ ಹುಲ್ಲಿನಲ್ಲಿ ಕುಳಿತರು.

“ಒಂದೂಮುಕ್ಕಾಲು ಕಿಲೋ!” ಎಂದು ತಕ್ಕಡಿಯನ್ನು ಕಣ್ಣುಜ್ಜಿ ನೋಡಿದರು. ಬೆರಳಿನಿಂದ ಬಡಿದರು. ಡಬ್ ಡಬ್ ಎಂದಿತು. “ಏನ್ರೀ ಇದು, ಬರೀ ಸಿಪ್ಪೆ!”

ಬೇಕರಿಯವನು ಆಕಾಶ ನೋಡುತ್ತಿದ್ದ.

ಸಮಿತಿಯ ಉಳಿದವರಲ್ಲಿ ಆಸ್ಪತ್ರೆಯ ಕಾಂಪೌಂಡರನದು ಎರಡು ಕಿಲೋ. ಟೈಲರಮ್ಮನದು ಒಂದೂವರೆ, ತಳಕ್ಕೆ ಅಚ್ಚುಕಟ್ಟಾಗಿ ಹೊಲಿಗೆ ಬೇರೆ ಹಾಕಿತ್ತು. ಉಳಿದೆರಡೂ ಡಬ್ ಡಬ್.

“ನಿಯಮದಲ್ಲಿ ತೂಕ ಅಂತಷ್ಟೇ ಇದೆ ಡಾಕ್ಟ್ರೇ,” ಎಂದ ಕಾರ್ಯದರ್ಶಿ. “ಬಂದಷ್ಟು ಬರೀರಿ. ಈಗ ಮೂರನೇ ನಂಬರ್.”

ಮೂರನೆಯದನ್ನು ಎತ್ತಲು ಇಬ್ಬರು ಬೇಕಾಯಿತು. ಹತ್ತೊಂಬತ್ತು ಕಿಲೋ. ತಿರುಳು, ಬೀಜ ಎಲ್ಲ ಒಳಗೇ ಇತ್ತು.

“ದೊಡ್ಡ ಟೀಚರ್ ಗೆದ್ದರು!”

ಡೇರೆ ಹಾರಿಹೋಗುವಂಥ ಕೂಗು ಎದ್ದಿತು. ಬೇಕರಿಯವನು ಕಾಂಪೌಂಡರನನ್ನು ಎತ್ತಿ ಗಿರ್ರನೆ ತಿರುಗಿಸಿದ. ಟೈಲರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಂಜಗಳ ನಡುವೆ ಕುಣಿದಳು. ಕಾರ್ಯದರ್ಶಿಯಂತೂ ಡಾಕ್ಟರ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಟೀಚರ್ ಮಾತ್ರ ಹುಲ್ಲಿನ ಮೇಲೆ ಕುಸಿದು, ಕನ್ನಡಕ ತೆಗೆದು, ಕಣ್ಣೊರೆಸಿಕೊಳ್ಳುತ್ತಿದ್ದರು.

“ಸೋತೋರು ಕುಣೀತಾರೆ, ಗೆದ್ದೋರು ಅಳ್ತಾರೆ! ಏನ್ರೀ ಸಮಿತಿ ನಿಮ್ದು?” ಎಂದರು ಡಾಕ್ಟರು ಕೆನ್ನೆ ಒರೆಸಿಕೊಂಡು.

“ಕಪ್ ಗೆದ್ದೋರೇ ಮುಂದಿನ ವರ್ಷದ ಕಾರ್ಯದರ್ಶಿ, ಡಾಕ್ಟ್ರೇ!” ಎನ್ನುತ್ತ ಕಾರ್ಯದರ್ಶಿ ಮನೆಯ ಕಡೆಗೆ ಓಡಿದ.